ನಳಿಗೆಯ ಮೇಲಿನ ಬರಹ

ಎಲ್ಕ್ ಜಿಂಕೆಗಳ ಬೇಟೆ ಶುರುವಾಗಲು ಎರಡೇ ದಿನವಿತ್ತು. ವಯೋಮಿಂಗಿನ ಆ ಬಂದೂಕು ರಿಪೇರಿ ಅಂಗಡಿಯ ಸಾಲಿನಲ್ಲಿ ನಿಂತು ನಿಂತು ಬೇಟೆಗಾರ ರಸ್ಕ್ ಒಳಗೇ ಕುದಿಯುತ್ತಿದ್ದ. ಮುಂದೆ ನಿಂತಿದ್ದ ಮುದುಕ ವರ್ಲಿನ್ ಮತ್ತು ಅವನ ಹೆಂಡತಿ ಲೋರ್ನಾಳ ಜಗಳ ಕಿವಿಗೆ ಬಿತ್ತು.

"ರೀ, ನಳಿಗೆ ಮೇಲೆ ತೋಟಾದ ಹೆಸರು ಕೆತ್ತಿಸದೆ ನಾನು ಇಲ್ಲಿಂದ ಕದಲಲ್ಲ."

"ಏನಂತ ಕೆತ್ತಿಸ್ಲೇ? ಈ ಬಂದೂಕಿನ ತೋಟಾ, ಕಂಪನಿ ತೋಟಾದ ಕತ್ತು ಹಿಗ್ಗಿಸಿ ನಾನೇ ಮಾಡ್ಕೊಂಡಿದ್ದು. ಅದಕ್ಕೆ ಹೆಸರೇ ಇಲ್ಲ."

"ತೋಟಾದ ಬುಡದಲ್ಲಿ ಮಾತ್ರ ಕಂಪನಿ ಹೆಸರೇ ಇದೆಯಲ್ಲ! ಮಗ ಅದನ್ನೋದಿ ಅಂಗಡಿ ತೋಟಾ ತುಂಬಿದ್ರೆ? ಸಡಿಲ ಕೂತು ಅವನ ಮುಖಕ್ಕೇ ಸಿಡಿಯುತ್ತೆ."

"ನನ್ನ ಕೇಳ್ತಾನೆ ಬಿಡೇ."

"ಸೋಮವಾರ ಆಸ್ಪತ್ರೇಲಿ ನಿಮ್ಮ ಎದೆ ಕೊಯ್ತಾರೆ. ಹೆಚ್ಚುಕಮ್ಮಿ ಆದ್ರೆ ಯಾರನ್ನ ಕೇಳ್ಲಿ?"

ಮುದುಕ ಟೋಪಿ ತೆಗೆದು ತಲೆ ಕೆರೆದುಕೊಂಡ. "ಅಳತೆಯೆಲ್ಲ ನನ್ನ ತಲೇಲೇ ಇದೆಯಲ್ಲೇ."

"ನನ್ನ ತಲೇಲೂ ಇದೆ. ಮೂವತ್ತು ವರ್ಷ ಊಟದ ಮೇಜಿನ ಮೇಲೆ ತೋಟಾಕ್ಕೆ ಮದ್ದು ತೂಗಿದ್ರಲ್ಲ, ಬಾಯಿಬಿಟ್ಟು ಎಣಿಸ್ತಾ!"

ಅವರ ಸರದಿ ಬಂತು. ಏನು ಕೆತ್ತಲಿ ಎಂದು ಕೆಲಸದವನು ಕೇಳಿದ. ವರ್ಲಿನ್ ಬಂದೂಕನ್ನು ಮೇಜಿನ ಮೇಲಿಟ್ಟ.

"ಬರ್ಕೊಳಪ್ಪ. ಅಂಗಡಿ ತೋಟಾ ಹಾಕ್ಬೇಡ, ಅಮ್ಮನ್ನ ಕೇಳು."

ಲೋರ್ನಾ ಗಂಡನ ತೋಳು ಹಿಡಿದು ಬಾಗಿಲಿನತ್ತ ನಡೆಸಿದಳು.