ಸರ್ದಾರನ ದೀಪಕ್ಕೆ ನೀರು

ಇದನ್ನು ಹಗಲಲ್ಲಿ ಹೇಳಿದರೆ ಜನ ನಗುತ್ತಾರೆ. ಅದಕ್ಕೇ ಹೊತ್ತು ಮುಳುಗಿದ ಮೇಲೆ ಹೇಳುವುದು.

ಆಳಂದದ ರಾಜೇಸಾಬ ಮಿಸ್ತ್ರಿ ಕಿಣ್ಣಿ ಸುಲ್ತಾನ ಎಂಬ ಹಳ್ಳಿಯಿಂದ ನಡೆದು ಬರುತ್ತಿದ್ದ. ರಾತ್ರಿ ಬಹಳವಾಗಿತ್ತು. ಹೆಗಲ ಚೀಲದಲ್ಲಿ ಒಂದು ಹಿತ್ತಾಳೆ ದೀಪ. ಮುಂದೆ, ದಾರಿಯ ಮಗ್ಗುಲಿಗೆ, ಕಲ್ಲು ಮೆಟ್ಟಿಲಿನ ಹಳೆಯ ಬಾವಿ. ರಾಜೇಸಾಬ ದೆವ್ವಕ್ಕೆ ಹೆದರುವವನಲ್ಲ. ಹೆದರಲು ಬೇಕಾಗುವಷ್ಟು ಕಲ್ಪನೆ ಅವನಿಗಿರಲಿಲ್ಲ.

ದೀಪ ಸಾವಕಾರ ಸೈದಪ್ಪನ ಫಟಫಟಿಯದು, ಹಳೆಯ ಮೋಟಾರ್ ಸೈಕಲ್ಲಿನದು. ಗಾಡಿ ಕೊಂಡದ್ದು ಸೈದಪ್ಪನ ತಂದೆ, ಓಡಿಸುತ್ತಿದ್ದದ್ದು ಸರ್ದಾರ ಎಂಬ ಆಳು. ಬಹಳ ವರ್ಷಗಳ ಹಿಂದೆ ಒಂದು ಬೆಳಿಗ್ಗೆ ಗಾಡಿ ಇದೇ ಬಾವಿಯ ಹತ್ತಿರ ಸ್ಟ್ಯಾಂಡಿನ ಮೇಲೆ ನೆಟ್ಟಗೆ ನಿಂತಿತ್ತು. ಸರ್ದಾರ ಬಾವಿಯಲ್ಲಿದ್ದ, ದೀಪವನ್ನು ಬಿಗಿಯಾಗಿ ಹಿಡಿದುಕೊಂಡು. ಆ ದೀಪ ಉರಿಯುವುದು ನೀರಿನಿಂದ. ಮೇಲಿನ ಡಬ್ಬಿಯ ನೀರು ಕೆಳಗಿನ ಕಾರ್ಬೈಡ್ ಹರಳಿನ ಮೇಲೆ ತೊಟ್ಟಿಕ್ಕಬೇಕು, ಆಗ ಗ್ಯಾಸು ಹುಟ್ಟಿ ಬೆಳಕಾಗುತ್ತದೆ. ನೀರು ತೀರಿತ್ತು, ತುಂಬಿಸಲು ಇಳಿದಿದ್ದ.

ಆಮೇಲೆ ಗಾಡಿ ಊರಿಗೆಲ್ಲ ಹಂಚಿಹೋಯಿತು. ಹಾರ್ನು ಎತ್ತಿನ ಬಂಡಿಗೆ, ಸೀಟು ಗಿರಣಿಯವನ ಕುರ್ಚಿಗೆ, ಚೈನು ಯಾರದೋ ಬಾಗಿಲಿಗೆ. ಸತ್ತವನ ಕೈಯಲ್ಲಿದ್ದ ದೀಪ ಅವನ ಹೆಂಡತಿ ಸುಲ್ತಾನಬಿಗೆ. ಈಗ, ಪೆಟ್ರೋಲಿಗೆ ಪರದಾಡುವ ಯುದ್ಧದ ಕಾಲದಲ್ಲಿ, ಸೈದಪ್ಪನಿಗೆ ಅಫಜಲಪುರದಲ್ಲಿ ಹೆಣ್ಣು ಗೊತ್ತಾಗಿತ್ತು. ಬೀಗರ ಅಂಗಳಕ್ಕೆ ಅಪ್ಪನ ಫಟಫಟಿಯ ಮೇಲೇ ಹೋಗಬೇಕೆಂಬ ಹುಕಿ. ಒಂದೊಂದು ಸಾಮಾನೂ ಅಸಲಿಯದೇ ಹಾಕುತ್ತೇನೆಂದು ರಾಜೇಸಾಬ ಪೇಟೆಯಲ್ಲಿ ನಿಂತು ಮಾತು ಕೊಟ್ಟಿದ್ದ. ಮಾತು ಹೋದರೆ ಮಿಸ್ತ್ರಿಯ ಕೈಯಲ್ಲಿ ಉಳಿಯುವುದು ನಟ್ಟು ತಿರುಗಿಸುವ ಪಾನಾ ಮಾತ್ರ.

ಉಳಿದದ್ದೆಲ್ಲ ಸಿಕ್ಕಿತ್ತು. ಅಂದು ಸಂಜೆ ದೀಪಕ್ಕೆಂದು ಕಿಣ್ಣಿ ಸುಲ್ತಾನಕ್ಕೆ ಹೋದಾಗ ಸುಲ್ತಾನಬಿ ಅದಕ್ಕೆ ನೀರು ತುಂಬುತ್ತಿದ್ದಳು. ದಿನಾ ಸಂಜೆ ತುಂಬುತ್ತಾಳಂತೆ. ಕಾರ್ಬೈಡ್ ಮಾತ್ರ ಆ ಮನೆಯಲ್ಲಿ ಎಂದೂ ಇರಲಿಲ್ಲ.

“ಹತ್ತದ ದೀಪಕ್ಕ ನೀರ ಯಾಕ ಖಾಲಾ?” ಎಂದು ರಾಜೇಸಾಬ ಕೇಳಿದ.

“ಬೆಳಕಿಗಲ್ಲಪಾ. ಅವರು ಮತ್ತ ಇಳೀಬಾರದು.”

ಬದಲಿಗೆ ತನ್ನ ಕಂದೀಲು ಕೊಟ್ಟು ಅವನು ದೀಪ ಕೇಳಿದ. ಆಕೆ, ಒಯ್ಯಿ, ಖಾಲಿ ಮಾತ್ರ ಇಡಬ್ಯಾಡ ಅಂದಳು. ಮುದುಕಿಯರ ಮಾತಿಗೆ ಹೂಂ ಅನ್ನುವಂತೆ ಇವನೂ ಹೂಂ ಅಂದ. ಅಂಗಳ ದಾಟಿದ ಕೂಡಲೇ ನೀರು ಚೆಲ್ಲಿ, ಒಳಹೊರಗೆ ಅರಿವೆಯಿಂದ ಒರೆಸಿ ಒಣಗಿಸಿದ. ಹಿತ್ತಾಳೆಗೆ ಕಿಲುಬು ಹತ್ತಬಾರದು. ಒಳ್ಳೆಯ ಮಿಸ್ತ್ರಿ ಮಾಡುವುದೇ ಹಾಗೆ.

ಬಾವಿ ಹತ್ತಿರ ಬಂತು.

ಟಣ್...

ಗಾಡಿಯ ಸ್ಟ್ಯಾಂಡು ಕಲ್ಲಿಗೆ ತಾಗಿದ ಸದ್ದು. ಮಿಸ್ತ್ರಿಯ ಕಿವಿ ಅದರಲ್ಲಿ ತಪ್ಪುವುದಿಲ್ಲ. ಆದರೆ ಆ ಸ್ಟ್ಯಾಂಡು ಆಳಂದದಲ್ಲಿ, ಅವನ ಅಂಗಡಿಯೊಳಗೆ, ಬೀಗದ ಹಿಂದೆ ಇತ್ತು. ಆಮೇಲೆ ಪಚಕ್... ಪಚಕ್... ಒದ್ದೆ ಕಾಲ್ಜೋಡುಗಳು ಮೆಟ್ಟಿಲು ಹತ್ತುತ್ತಿದ್ದವು. ಮೇಲಿನ ಮೆಟ್ಟಿಲಲ್ಲಿ ನಿಂತವು.

“ನೀರ ಅದಾವೇನ್ರಿ?” ಪಿಸುದನಿ.

ರಾಜೇಸಾಬನಿಗೆ ಹೊಳೆದದ್ದು ಒಂದೇ ಉತ್ತರ. “ಬಾವ್ಯಾಗ ಅದಾವಲ್ರಿ.”

ಮೆಟ್ಟಿಲ ಮೇಲೆ ನೀರು ತೊಟ್ಟಿಕ್ಕಿತು... ಆಮೇಲೆ, “ಹಾಂಗಂತನ ಇಳದಿದ್ದೆರಿ.”

ರಾಜೇಸಾಬ ಓಡಲಿಲ್ಲ. ಬಹಳ ಜೋರಾಗಿ ನಡೆದ, ಒಂದು ಚಪ್ಪಲಿ ದಾರಿಯಲ್ಲೇ ಬಿಟ್ಟು.

ಮರುದಿನ ದೀಪ ಕೂಡಿಸಿದ. ಕಾರ್ಬೈಡನ್ನು ಸಾವಕಾರನೇ ಸೊಲ್ಲಾಪುರದಿಂದ ತರಿಸಿದ್ದ. ರಾತ್ರಿಯ ವಿಷಯ ರಾಜೇಸಾಬ ಬಾಯಿಬಿಡಲಿಲ್ಲ. ದೆವ್ವದ ಮಾತಾಡುವ ಮಿಸ್ತ್ರಿಗೆ ಯಾರು ಗಾಡಿ ಕೊಡುತ್ತಾರೆ? ಹಗಲ ಹೋಗ್ರಿ ಸಾವಕಾರ್ರ ಅಂದ, ಅಷ್ಟೇ.

“ಹಗಲ ದೀಪ ಯಾರಿಗಿ ಕಾಣ್ತದಲೇ?” ಅಂದ ಸೈದಪ್ಪ.

ರಾಜೇಸಾಬ ಕಂಠಮಟ ನೀರು ತುಂಬಿಸಿದ. ಅಫಜಲಪುರ ಮುಟ್ಟಿದ ಮೇಲೂ ಮಿಗಬೇಕು, ಅಷ್ಟು. ಸಂಜೆಗತ್ತಲಲ್ಲಿ ಫಟಫಟ ಸದ್ದು ಬಾವಿಯ ದಾರಿ ಹಿಡಿದು ದೂರವಾಯಿತು. ರಾಜೇಸಾಬ ಊಟಕ್ಕೆ ಕೂತ. ಮುರಿದ ರೊಟ್ಟಿಯನ್ನು ತಾಟಿನಲ್ಲೇ ಬಿಟ್ಟ. ಎದ್ದು ಚರಿಗೆಗೆ ನೀರು ತುಂಬಿ, ಅದರ ಬಾಯಿಗೆ ಅರಿವೆ ಬಿಗಿದು, ನೆರೆಮನೆಯ ಸೈಕಲ್ ಹತ್ತಿದ.

ಬಾವಿಯ ಹತ್ತಿರ ಫಟಫಟಿ ಸ್ಟ್ಯಾಂಡಿನ ಮೇಲೆ ನೆಟ್ಟಗೆ ನಿಂತಿತ್ತು. ದೀಪವಿರಲಿಲ್ಲ. ಸೈದಪ್ಪ ಮೊದಲ ಮೆಟ್ಟಿಲಿಗೆ ಕಾಲಿಟ್ಟಿದ್ದ.

“ಇಲ್ಲಿಗಿ ಬರೂದ್ರಾಗ ನೀರ ತೀರಿ ದೀಪ ಆರಿತಲೇ ಮಿಸ್ತ್ರಿ. ಯಾರೋ ಪಾಪ, ಬಿಚ್ಚಿ ಕೊಡ್ರಿ, ನೀರ ತುಂಬಕೊಂಡ ಬರ್ತೇನಿ ಅಂತ ತಗೊಂಡು ಇಳದ್ರು. ಭಾಳ ಹೊತ್ತಾತು, ಬರವಲ್ರು. ನಾನ ಇಳದು ನೋಡ್ತೇನಿ.”

ರಾಜೇಸಾಬ ಅವನ ರಟ್ಟೆ ಹಿಡಿದ. ಮಿಸ್ತ್ರಿಯೊಬ್ಬ ಸಾವಕಾರನ ಮೈಮುಟ್ಟಿ ಎಳೆದದ್ದು ಆಳಂದದಲ್ಲಿ ಅದೇ ಮೊದಲಿರಬೇಕು. ಆಮೇಲೆ ಅರಿವೆ ಬಿಚ್ಚಿ, ಚರಿಗೆಯನ್ನು ಮೆಟ್ಟಿಲ ಮೇಲಿಟ್ಟು, ಕತ್ತಲಿಗೆ ಹೇಳಿದ.

“ಸರ್ದಾರ ಭಾಯಿ... ಚೆಲ್ಲಿದಾಂವ ನಾನ. ತಗೋರಿ. ಇವರನ್ನ ಬಿಡ್ರಿ.”

ಪಚಕ್... ಪಚಕ್... ಚರಿಗೆ ಕಲ್ಲಿನಿಂದ ಮೇಲೇಳುವಾಗ ಸಣ್ಣಗೆ ಕಿರ್ ಅಂತು. ಗುಳು ಗುಳು ಗುಳು... ಸಣ್ಣ ಬಾಯಿಯ ಡಬ್ಬಿಗೆ ನೀರು ಸುರಿಯುವ ಸದ್ದು. ಮುಚ್ಚಳ ತಿರುಗಿಸಿದ್ದೂ ಕೇಳಿಸಿತು. ಇಬ್ಬರೂ ಗಾಡಿಯನ್ನು ಕತ್ತಲಲ್ಲೇ ಆಳಂದಕ್ಕೆ ತಳ್ಳಿಕೊಂಡು ಬಂದರು.

ಬೆಳಿಗ್ಗೆ, ದೀಪ ಬಾವಿಪಾಲಾಯಿತೆಂದು ಹೇಳಲು ಸುಲ್ತಾನಬಿಯ ಮನೆಗೆ ಹೋದರು. ರಾತ್ರಿ ಹಾಕಿದ ಒಳಗಿನ ಚಿಲಕವನ್ನು ಆಕೆ ತೆಗೆದದ್ದೇ ಆಗ. ದೀಪ ಗೋಡೆಯ ಗೂಡಿನಲ್ಲಿತ್ತು, ಕಂಠಮಟ ನೀರು. ಆಕೆ ಕಂದೀಲನ್ನು ತಿರುಗಿ ಕೊಟ್ಟಳು. ಅಸಲಿ ಎಂಬ ಮಾತನ್ನು ರಾಜೇಸಾಬ ಮತ್ತೆಂದೂ ಆಡಲಿಲ್ಲ. ಕಂದೀಲನ್ನು ತಂತಿಯಿಂದ ಗಾಡಿಗೆ ತಾನೇ ಬಿಗಿದ. ನಂಬದಿದ್ದರೆ ಅಫಜಲಪುರದ ಬೀಗರನ್ನು ಕೇಳಿ ನೋಡಿ. ಮಟಮಟ ಮಧ್ಯಾಹ್ನ ಕಂದೀಲು ಕಟ್ಟಿಕೊಂಡು ಬಂದ ಅಳಿಯನೆಂದು ಅವರು ಇಂದಿಗೂ ನಗುತ್ತಾರೆ.

ಚರಿಗೆಯ ಸುದ್ದಿ ಬಂದರೆ ಮಾತ್ರ ಯಾರೂ ನಗುವುದಿಲ್ಲ. ಅದೂ ಆ ಗೂಡಿನಲ್ಲೇ ಇತ್ತು, ದೀಪದ ಪಕ್ಕದಲ್ಲಿ. ತೊಳೆದು ಬೋರಲು ಹಾಕಿತ್ತು.