ಆಕರಪಟ್ಟಿಯ ಹನ್ನೊಂದನೇ ಸಾಲು

ಜಗ್ಗಬೇಡ, ಜಗ್ಗಬೇಡ... ಎಷ್ಟು ಜಗ್ಗಿದ್ರೂ ಅದು ಬರಲ್ಲ. ಹಿಡಿಕೆ ಕಳಚಿಹೋಗಿದೆ, ಕಾಣ್ತಿಲ್ವಾ, ಬರೀ ತೂತು. ಈ ಕಂಪ್ಯೂಟರ್ ಕೋಣೆ ಬಾಗಿಲಿನ ಹಣೆಬರಹವೇ ಇಷ್ಟು. ಜವಾನ ಊಟಕ್ಕೆ ಹೋಗಿದ್ದಾನೆ, ಬಂದವನು ಹೊರಗಡೆಯಿಂದ ತೆಗೀತಾನೆ. ಅಲ್ಲೀವರೆಗೆ ಕೂತ್ಕೋ. ಏನು ನೆಲ ನೋಡ್ತಿದ್ದೀಯ, ಹಿಡಿಕೇನಾ? ಎಲ್ಲೋ ಮೇಜಿನ ಕೆಳಗೆ ಉರುಳಿರುತ್ತೆ. ಬಗ್ಗಿ ತಡಕಾಡಬೇಡ, ಒಗೆದ ಬಟ್ಟೆ ಕೊಳೆ ಆಗುತ್ತೆ. ಮೂರು ಗಂಟೆಗೆ ವೇದಿಕೆ ಹತ್ತಬೇಕಾದವಳು ನೀನು.

ಹತ್ತಬೇಕೋ ಬೇಡವೋ ಅಂತ ಮಾತಾಡೋಕೇ ಕರೆದಿದ್ದು. ಕೂತ್ಕೋ ಅಂದೆ.

ನೋಡು, ಇಲ್ಲಿ ನಾನು ನಿನ್ನ ಅಮ್ಮ ಅಲ್ಲ, ಲೈಬ್ರರಿ ಟೀಚರ್. ಮನೇಲಿ ಅಮ್ಮ, ಗೇಟು ದಾಟಿದ್ರೆ ಟೀಚರ್, ಹಾಗಂತ ನಾವು ಮಾಡ್ಕೊಂಡ ಒಪ್ಪಂದ. ಹತ್ತು ವರ್ಷದಿಂದ ಈ ಶಾಲೇಲಿ ನಾನು ಬಡ್ಕೊಳ್ತಿರೋದು ಒಂದೇ. ಪರದೆ ಮೇಲೆ ಏನೇ ಕಂಡರೂ ಬರೆದೋರು ಯಾರು ಕೇಳಿ, ಯಾವಾಗ ಬರೆದ್ರು ಕೇಳಿ, ಯಾಕೆ ಬರೆದ್ರು ಕೇಳಿ, ಇನ್ನೊಂದು ಕಡೆ ತಾಳೆ ನೋಡಿ. ಹೌದು ತಾನೆ? ಇವತ್ತಿನ ಕಾರ್ಯಕ್ರಮವೂ ಅದೇ. ಒಬ್ಬೊಬ್ಬರೂ ಅಂತರ್ಜಾಲದಿಂದ ಒಂದು ಪುಟನೋ ಫೋಟೋನೋ ಆರಿಸ್ಕೊಂಡು ಅದರ ಬೇರು ಹುಡುಕೋದು. ಮೊದಲು ಮಾಡಿದ್ದು ಯಾರು, ಆಮೇಲೆ ಯಾರ್‍ಯಾರು ಎತ್ಕೊಂಡ್ರು, ಕೇಳಿ ಎತ್ಕೊಂಡ್ರಾ ಕೇಳದೇನಾ. ಕೊನೇ ಪುಟದಲ್ಲಿ ಬರೆದವರ ಅನುಮತಿ ಪತ್ರ.

ಆ ಮುಂದಿನ ಬೆಂಚಿನವನು ಏನು ಮಾಡಿದ್ದಾನೆ? ಆರು ಕಾಲಿನ ಕುದುರೆ ಫೋಟೋ. ಚೊಕ್ಕವಾಗಿ ಮಾಡಿದ್ದಾನೆ. ನಿನ್ನ ಗೆಳತಿ? ಹಲ್ಲುಪುಡಿ ಜಾಹೀರಾತು. ಜಗತ್ತಿನಲ್ಲಿ ಇಷ್ಟು ಕೋಟಿ ಪುಟ ಬಿದ್ದಿವೆ... ನಿನಗೆ ಸಿಕ್ಕಿದ್ದು ನನ್ನ ಕೈಪಿಡೀನೇನಾ?

ಇಲ್ಲ, ಕೋಪ ಇಲ್ಲ ನನಗೆ. ಒಂದು ಗಂಟೆಗೆ ಎಲ್ಲರ ಪ್ರಾಜೆಕ್ಟೂ ತೆರೆದು ನೋಡ್ತಾ ಬಂದೆ, ನಿನ್ನದು ತೆರೆದ್ರೆ ನನ್ನ ಕೈಪಿಡೀದೇ ಮುಖಪುಟ. 'ನಂಬುವ ಮುನ್ನ.' ಕೆಳಗೆ ನನ್ನ ಹೆಸರು. ಖುಷಿಯಾಯ್ತು, ಸತ್ಯವಾಗ್ಲೂ. ಮಗಳು ಅಮ್ಮನಿಗೆ ಮರ್ಯಾದೆ ಮಾಡ್ತಿದ್ದಾಳೆ ಅಂದ್ಕೊಂಡೆ. ಎರಡನೇ ಪುಟದಲ್ಲಿ ಎರಡು ದಿನಾಂಕ. ಮೂರನೇದರಲ್ಲಿ ನಿನ್ನ ಚಿಕ್ಕಮ್ಮನ ಹಳೇ ವೆಬ್ ಪುಟದ ಚಿತ್ರ. ಅಷ್ಟೇ ನೋಡಿದ್ದು. ಆಮೇಲೆ ಮುಚ್ಚಿಬಿಟ್ಟೆ.

ಯಾಕೆ ಹಾಗೆ ನೋಡ್ತೀಯ? ಪೂರ್ತಿ ಓದದೆ ತೀರ್ಮಾನ ಮಾಡಬಾರದು ಅಂತ ನಾನೇ ಹೇಳ್ಕೊಡೋದು, ಗೊತ್ತು. ಟೈಮ್ ಇರಲಿಲ್ಲ ಕಣೆ.

ಚಿಕ್ಕಮ್ಮನ ಪುಟ ನನ್ನ ಕೈಪಿಡಿಗಿಂತ ನಾಲ್ಕು ತಿಂಗಳು ಹಳೇದು ಅಂತ ಬರೆದಿದ್ದೀಯ. ಎಲ್ಲಿ ಸಿಕ್ಕಿತು ನಿನಗೆ? ಅವಳು ಅದನ್ನ ಅಳಿಸಿ ಆರು ವರ್ಷ ಆಯ್ತಲ್ಲ... ಆ, ಹಳೇ ಪುಟ ಕೂಡಿಡೋ ತಾಣ. ಅಳಿಸಿದ ಪುಟವೂ ಅಲ್ಲಿ ಉಳಿದಿರುತ್ತೆ. ಹೋದ ತಿಂಗಳು ಇದೇ ಕೋಣೇಲಿ, ಇದೇ ಕಂಪ್ಯೂಟರ್ ಮುಂದೆ ನಿಂತು ತೋರಿಸಿಕೊಟ್ಟಿದ್ದು ಯಾರು? ನಾನೇ. ಸರಿ. ನನ್ನ ಕೈಯಾರೆ.

ಆದ್ರೆ ಬರೀ ದಿನಾಂಕ ಸಾಕ್ಷಿ ಅಲ್ಲ. ಅದನ್ನೂ ಹೇಳಿಕೊಟ್ಟಿದ್ದೀನಿ, ಮರೀಬೇಡ. ನಾನು ಕರಡು ಬರೆದಿಟ್ಟಿದ್ದೆ. ಕೈಬರಹದಲ್ಲಿ, ನೀಲಿ ರಟ್ಟಿನ ಪುಸ್ತಕದಲ್ಲಿ. ಅವಳು ಮನೆಗೆ ಬಂದಾಗ ನೋಡಿದ್ಲು, ತನ್ನ ಶಾಲೆ ಮಕ್ಕಳಿಗೆ ಅಂತ ಪುಟಕ್ಕೆ ಹಾಕ್ಕೊಂಡ್ಲು. ನಾನು ಮುದ್ರಿಸೋದು ತಡವಾಯ್ತು. ಇಷ್ಟೇ ವಿಷಯ. ಸ್ವಂತ ತಂಗಿ ಅಂತ ನಾನು ಬಾಯಿಬಿಡಲಿಲ್ಲ.

ಆ ಪುಸ್ತಕ ಈಗೆಲ್ಲಿ ಅಂತಾನಾ? ಮನೆ ಬದಲಾಯಿಸುವಾಗ ಎಲ್ಲೋ... ನನ್ನ ಚೀಲ ಯಾಕೆ ನೋಡ್ತೀಯ, ಅದರಲ್ಲಿ ಇದೆಯಾ ಅದು? ಅದರಲ್ಲಿ ಬರೀ ಕನ್ನಡಕ, ಡಬ್ಬಿ. ಅದನ್ನ ಬಿಡು.

ಏನಾದ್ರೂ ಮಾತಾಡೇ. ನಿದ್ದೇಲೂ ವಟವಟ ಅನ್ನೋಳು ನೀನು, ಬೆಳಗ್ಗೆಯಿಂದ ತುಟಿ ಬಿಚ್ಚಿಲ್ಲ. ತಲೆ ಬಾಚಿಸ್ಕೊಳ್ಳುವಾಗಲೂ ಸುಮ್ಮನಿದ್ದೆ. ಆಗಲೇ ನನಗೆ ಅನುಮಾನ ಬರಬೇಕಿತ್ತು.

ನಿನಗೆ ಗೊತ್ತಲ್ಲ ಇವತ್ತು ಏನು ಅಂತ. ನಲವತ್ತು ಶಾಲೆಯವರು ಬರ್ತಿದ್ದಾರೆ. ಕೈಪಿಡೀನ ಎಲ್ಲಾ ಶಾಲೆಗೂ ಹಂಚ್ತಾರೆ, ಹೆಡ್‌ಮಿಸ್ ತಾವೇ ಕೈಯಲ್ಲಿ ಹಿಡ್ಕೊಂಡು ಮಾತಾಡ್ತಾರೆ. ಅವರು ಹೊಗಳಿ ಮುಗಿಸೋದು, ನೀನು ಎದ್ದು ಆ ಎರಡು ದಿನಾಂಕ ಪರದೆ ಮೇಲೆ ಬಿಡೋದು. ಆಮೇಲೆ? ನಾಳೆ ನಾನು ಯಾವ ಮುಖ ಹೊತ್ಕೊಂಡು ತರಗತಿಗೆ ಹೋಗಲಿ? ಕದೀಬೇಡಿ ಅಂತ ಯಾವ ಬಾಯಲ್ಲಿ ಹೇಳಲಿ? ಕೆಲಸಾನೇ ಇರುತ್ತೋ ಇಲ್ಲವೋ. ಕಿಟಕಿಯಿಂದ ನೋಡು, ಬಸ್ಸುಗಳು ಬರ್ತಾ ಇವೆ ಆಗಲೇ. ಕುರ್ಚಿ ಎಳೆಯೋ ಸದ್ದು ಕೇಳ್ತಿದೆ.

ಒಂದು ಕೆಲಸ ಮಾಡೋಣ. ಇನ್ನೂ ಅರ್ಧ ಗಂಟೆ ಇದೆ. ಎಲ್ಲರ ಫೋನಲ್ಲೂ ಓಡಾಡ್ತಿರೋ ಎರಡು ತಲೆ ಮೀನಿನ ಫೋಟೋ ಇದೆಯಲ್ಲ, ಅದರ ಬೇರು ನನಗೆ ಗೊತ್ತು, ನಾನೇ ಹೇಳ್ತೀನಿ, ನೀನು ಟೈಪ್ ಮಾಡು, ನಾಲ್ಕು ಪುಟ ಸಾಕು... ಯಾಕೆ ನಗ್ತಿದ್ದೀಯ?

ಓ. ಮಗಳ ಪ್ರಾಜೆಕ್ಟನ್ನ ಅಮ್ಮ ಬರೆದುಕೊಡೋದು. ಹೌದು, ನಗೋ ವಿಷಯಾನೇ.

ಸರಿ, ಕೇಳು. ನಾನು ಮೊದಲು ಹೇಳಿದ್ದು ಪೂರ್ತಿ ನಿಜ ಅಲ್ಲ. ನೀಲಿ ಪುಸ್ತಕ ಅಂತ ಒಂದು ಇರಲಿಲ್ಲ. ನಾವಿಬ್ಬರೂ ಸೇರಿ ಬರೆದಿದ್ದು. ಅವಳು ಅಲ್ಲಿ, ನಾನು ಇಲ್ಲಿ, ದಿನಾ ಸಂಜೆ ಫೋನಿನಲ್ಲಿ. ಒಂದೊಂದು ಸಾಲೂ ಓದಿ, ಚರ್ಚೆ ಮಾಡಿ. 'ಅಂತರ್ಜಾಲದಲ್ಲಿರೋದು ಬೀದೀಲಿ ಬಿದ್ದಿರೋದಲ್ಲ, ಬಾಗಿಲು ತೆರೆದಿಟ್ಟ ಮನೆ. ಒಳಗೆ ಹೋಗಬಹುದು, ಕೂರಬಹುದು, ಸಾಮಾನು ಹೊತ್ಕೊಂಡು ಬರೋ ಹಾಗಿಲ್ಲ.' ಎಲ್ಲರೂ ಮೆಚ್ಚೋ ಮಾತು ಅದು. ಅದು... ನನಗೇ ಹೊಳೆದಿದ್ದೋ ಅವಳಿಗೋ, ಈಗ ನೆನಪಿಲ್ಲ. ಅಷ್ಟು ಕಲೆಸಿಹೋಗಿತ್ತು. ಇಬ್ಬರ ಹೆಸರೂ ಹಾಕಬೇಕಿತ್ತು, ಒಪ್ತೀನಿ. ಆದ್ರೆ ನಾವು ಮಾತು ಬಿಟ್ಟಿದ್ದಕ್ಕೂ ಇದಕ್ಕೂ ಏನೇನೂ ಸಂಬಂಧ ಇಲ್ಲ. ಅದು ನಿಮ್ಮ ಅಜ್ಜಿ ಹೊಲಿಗೆ ಯಂತ್ರದ ಜಗಳ. ಎಷ್ಟು ಸಲ ಹೇಳಿದ್ದೀನಿ ನಿನಗೆ.

ಏನು ಮಾಡ್ತಿದ್ದೀಯ? ಕಂಪ್ಯೂಟರ್ ಯಾಕೆ ಹಾಕ್ತಿದ್ದೀಯ? ನಾನು ಮಾತಾಡ್ತಿದ್ದೀನಿ ಇಲ್ಲಿ.

ನಾಲ್ಕನೇ ಪುಟ... ಇದು ನಾನು ನೋಡಿಲ್ಲ. ಇರು, ಕನ್ನಡಕ... ಬೇಡ, ಚೀಲ ನೀನು ಮುಟ್ಟಬೇಡ, ನಾನೇ ತಗೋತೀನಿ.

ಇದು ಕೈಪಿಡೀಲಿರೋ ಆಕರಪಟ್ಟಿ. ಯಾವ ಯಾವ ಪುಸ್ತಕ ನೋಡಿದ್ವಿ ಅಂತ ಹೇಗೆ ಬರೀಬೇಕು ಅನ್ನೋದಕ್ಕೆ ಮಾದರಿ. ಅಡುಗೆಮನೆ ಇತಿಹಾಸದ ಮೇಲೆ ಹನ್ನೆರಡು ಪುಸ್ತಕ. ಇದರಲ್ಲಿ ಒಂದು ಸುಳ್ಳು ಪುಸ್ತಕ ಇದೆ, ಐದನೇದು, ಮಕ್ಕಳು ಪತ್ತೆ ಮಾಡಲಿ ಅಂತ ಬೇಕಂತಲೇ ಇಟ್ಟಿರೋದು. ಪ್ರತಿ ವರ್ಷ ಮಾಡಿಸ್ತೀನಿ ಇದನ್ನ. ನೀನೂ ಮಾಡಿದ್ದೀಯ... ಐದನೇದಲ್ವಾ? ಬೆರಳು ಯಾಕೆ ಕೆಳಗಿಟ್ಟಿದ್ದೀಯ? ಹನ್ನೊಂದು. ಏನಿದೆ ಹನ್ನೊಂದರಲ್ಲಿ?

'ಬೂದಪ್ಪ. ಹಾಲು ಕಾಯಿಸುವ ಪಾತ್ರೆಗಳು: ಒಂದು ಅಧ್ಯಯನ. ಎರಡನೇ ಮುದ್ರಣ.'

ಸರಿ, ಬೂದಪ್ಪ ಅಂತ ಯಾರೋ...

ಬೂದಪ್ಪ.

ಇದು ಇಲ್ಲಿ ಯಾವಾಗ ಬಂತು?

ನೀನು ಸೇರಿಸಿದ್ದೀಯಾ? ತಮಾಷೆಗೆ? ಇಲ್ಲ... ಎರಡನ್ನೂ ಪಕ್ಕಪಕ್ಕ ಇಟ್ಟಿದ್ದೀಯ, ಚಿಕ್ಕಮ್ಮನ ಪುಟದಲ್ಲೂ ಇದೆ. ನನ್ನ ಮುದ್ರಿತ ಪ್ರತೀಲೂ ಇದೆ. ಆರು ವರ್ಷದಿಂದ ಇದೆ. ನಲವತ್ತು ಶಾಲೆಗೆ ಹೋಗ್ತಿದೆ ಬೂದಪ್ಪನ ಅಧ್ಯಯನ.

ನಮ್ಮ ಬೆಕ್ಕು ಕಣೆ ಅದು. ನಿನಗೆ ಗೊತ್ತಿರುತ್ತೆ, ಚಿಕ್ಕಂದಿನಲ್ಲಿ ಅವಳು ನಿನಗೆ ಊಟ ಮಾಡಿಸ್ತಾ ಬೂದಪ್ಪನ ಕತೆ ಹೇಳೋಳು. ಬೂದಿ ಬಣ್ಣ, ಒಂದು ಕಿವಿ ಹರಿದಿತ್ತು. ಹಾಲಿನ ಪಾತ್ರೆ ಮುಚ್ಚಳ ಎಷ್ಟು ಬಿಗಿಯಾಗಿ ಹಾಕಿದ್ರೂ ತೆಗೆದುಬಿಡೋದು. ನಮ್ಮಪ್ಪ ಬೈತಿದ್ರು, ಇದಕ್ಕೆ ಪಾತ್ರೆಗಳ ವಿಷಯದಲ್ಲಿ ಇರೋ ಜ್ಞಾನ ನಿಮಗೆ ಪಾಠದಲ್ಲಿ ಇಲ್ಲವಲ್ಲ ಅಂತ. ನಾವಿಬ್ಬರೂ ಹೊದಿಕೆ ಒಳಗೆ ಬಾಯಿಗೆ ಬಟ್ಟೆ ತುರುಕ್ಕೊಂಡು ನಗ್ತಿದ್ವಿ...

ನೋಡ್ತಾ ಕೂತಿದ್ದೀಯ. ಬೆರಳು ಇನ್ನೂ ಹನ್ನೊಂದರ ಮೇಲೇ ಇದೆ.

ಗೊತ್ತು ನೀನು ಏನು ಯೋಚಿಸ್ತಿದ್ದೀಯ ಅಂತ. ಸೇರಿ ಬರೆದೆ, ಒಂದೊಂದು ಸಾಲೂ ಓದಿ ಚರ್ಚೆ ಮಾಡಿದೆ ಅಂದೋಳು, ಬೂದಪ್ಪನ್ನ ಕಂಡು ಹೇಗೆ ಬೆಚ್ಚಿಬಿದ್ಲು ಅಂತ.

ನಾನು ಓದಿರಲಿಲ್ಲ.

ಒಂದು ಸಾಲೂ ಬರೆದಿಲ್ಲ, ಸರಿಯಾಗಿ ಓದಲೂ ಇಲ್ಲ. ಪುಟಕ್ಕೆ ಹಾಕಿದ ದಿನವೇ ಅವಳು ನನಗೂ ಕಳಿಸಿದ್ಲು. 'ಅಕ್ಕ, ನೀನು ಮೊದಲು ಓದು, ಹೇಗಿದೆ ಹೇಳು' ಅಂತ. ನಾಲ್ಕು ತಿಂಗಳು ಮೇಲ್‌ನಲ್ಲೇ ಬಿದ್ದಿತ್ತು. ಆಗ ನನ್ನದು ತಾತ್ಕಾಲಿಕ ಹುದ್ದೆ. ಹೆಡ್‌ಮಿಸ್ ಕರೆದು, ತಪಾಸಣೆಗೆ ಬರ್ತಾರೆ, ಎರಡು ದಿನದಲ್ಲಿ ಏನಾದ್ರೂ ಸ್ವಂತದ್ದು ತೋರಿಸಿ, ಇಲ್ಲಾಂದ್ರೆ ಬೇರೆಯವರನ್ನ ನೋಡ್ಕೋತೀವಿ ಅಂದ್ರು. ನಿನಗೆ ಮೈತುಂಬಾ ಅಮ್ಮನ ಗುಳ್ಳೆ ಎದ್ದಿತ್ತು, ಬಿಸಿ ಮೈ, ಎತ್ಕೊಂಡೇ ಕೂತಿರಬೇಕು. ಒಂದು ಕೈಯಲ್ಲಿ ನೀನು. ಇನ್ನೊಂದು ಕೈಯಲ್ಲಿ ಮುಖಪುಟದ ಹೆಸರು ಅಳಿಸಿದೆ, ನನ್ನದು ಹಾಕಿದೆ. ಐದನೇ ಪುಸ್ತಕದ ಗುಟ್ಟನ್ನೂ ಅವಳ ಟಿಪ್ಪಣೀಲಿ ನೋಡ್ಕೊಂಡಿದ್ದು. ಮುಂದಿನ ವಾರ ಫೋನ್ ಮಾಡಿ ಹೇಳಿದ್ರಾಯ್ತು ಅಂದ್ಕೊಂಡೆ. ಮುಂದಿನ ವಾರ ಎಲ್ಲರ ಮುಂದೆ ನನಗೆ ಚಪ್ಪಾಳೆ ಹೊಡೆದ್ರು. ಹುದ್ದೆ ಕಾಯಂ ಆಯ್ತು.

ಅವಳೇ ಫೋನ್ ಮಾಡಿದ್ಲು. ಶಾಲೆ ವೆಬ್‌ಸೈಟಲ್ಲಿ ನೋಡಿದ್ಲಂತೆ. ನಾನು ಏನಂದೆ ಗೊತ್ತಾ? ನಾಲ್ಕು ಮಕ್ಕಳು ಓದೋ ಹಾಳೆಗೆ ಇಷ್ಟು ರಂಪಾನಾ ಅಂದೆ. ಅವಳು ರಂಪ ಮಾಡಿರಲಿಲ್ಲ. ಸುಮ್ಮನಿದ್ಲು, ಈಗ ನೀನಿದ್ದೀಯಲ್ಲ ಹೀಗೆ. ಮಾರನೇ ದಿನ ಅವಳ ಪುಟ ಇರಲಿಲ್ಲ. ತೆಗೆದುಬಿಟ್ಟಿದ್ಲು. ನಾನು ಸಿಕ್ಕಿಬೀಳಬಾರದು ಅಂತ. ಅವತ್ತಿಂದ ಅವಳ ಮುಖ ನೋಡೋಕೆ ನನಗೇ ಆಗಲಿಲ್ಲ. ಹೊಲಿಗೆ ಯಂತ್ರ... ಅದನ್ನ ಅವಳು ಕೇಳೇ ಇಲ್ಲ. ಕೇಳಿದ್ಲು ಅಂತ ನಿನಗೂ ನಿಮ್ಮಪ್ಪನಿಗೂ ಹೇಳಿದ್ದು ನಾನು. ನಿನ್ನ ಕೋಣೇಲೇ ಇದೆ ಅದು, ಬಟ್ಟೆ ಮುಚ್ಚಿ. ದಿನಾ ಕಸ ಗುಡಿಸುವಾಗ ಕಣ್ಣಿಗೆ ಬೀಳುತ್ತೆ.

ಇನ್ನೂ ಇದೆಯಾ? ಐದನೇ ಪುಟ. ಬೇಡ ಕಣೆ, ಸಾಕು... ಹೌದು, ಕೊನೇ ಪುಟ ಅನುಮತಿ ಪತ್ರ, ನಾನೇ ಮಾಡಿದ ನಿಯಮ. ಅವಳಿಗೆ ಬರೆದ್ಯಾ ನೀನು? ಎಲ್ಲಿ ಸಿಕ್ಕಿತು ವಿಳಾಸ? ಬಿಡು, ಅದು ಕೇಳಬಾರದು ನಾನು.

ದೊಡ್ಡದು ಮಾಡು, ಕಾಣಲ್ಲ.

'ಮಗಳೇ, ನನ್ನ ಪುಟವನ್ನು ಬಳಸಿಕೊಳ್ಳಲು ನಿನಗೆ ಪೂರ್ಣ ಅನುಮತಿ ಇದೆ. ಅಮ್ಮನಿಗೆ ತೊಂದರೆ ಆಗುವುದಾದರೆ ನನ್ನ ಹೆಸರು ಬೇಡ. ನನಗೆ ಬೇಕಾದ್ದು ಒಂದೇ ಉತ್ತರ. ಹನ್ನೊಂದನೇ ಸಾಲು ನೋಡಿ ಅವಳು ನಕ್ಕಳಾ? ಅವಳಿಗೋಸ್ಕರ ಹಾಕಿದ್ದು ಅದು.'

...

ಇಲ್ಲ. ನಗಲಿಲ್ಲ ಅಂತ ಬರಿ. ಓದಿದ್ರೆ ತಾನೆ ನಗೋದು. ಆರು ವರ್ಷ ಕಾದಿದ್ದಾಳೆ ಅವಳು, ನಾನು ನಗಲಿ ಅಂತ.

ನೀರು ಕೊಡು ಒಂಚೂರು. ಡಬ್ಬಿ ಪಕ್ಕ ಬಾಟಲಿ ಇದೆ, ಚೀಲದಲ್ಲಿ... ಇರು ಇರು, ನಾನೇ...

ಸಿಕ್ಕಿತಾ.

ಮೊದಲೇ ಗೊತ್ತಿತ್ತು ಅಲ್ವಾ ನಿನಗೆ? ಬಂದಾಗಿನಿಂದ ಚೀಲಾನೇ ನೋಡ್ತಿದ್ದೆ. ನೀನು ಒಳಗೆ ಬಂದ ಕೂಡಲೇ ಹಿಡಿಕೇನ ನಾನೇ ಕಳಚಿ ಚೀಲಕ್ಕೆ ಹಾಕ್ಕೊಂಡೆ. ಜವಾನ ಊಟಕ್ಕೆ ಹೋಗಿಲ್ಲ, ಇವತ್ತು ಅವನಿಗೆ ಸಭಾಂಗಣದಲ್ಲಿ ಕೆಲಸ, ಈ ಕಡೆ ಯಾರೂ ಬರಲ್ಲ. ಮೂರೂವರೆವರೆಗೆ ಮಾತಾಡಿಸ್ತಾ ಕೂತ್ರೆ ನಿನ್ನ ಸರದಿ ದಾಟಿಹೋಗುತ್ತೆ ಅಂದ್ಕೊಂಡೆ. ಹೆತ್ತ ಮಗಳನ್ನ ಕೋಣೇಲಿ ಕೂಡಿಹಾಕಿ... ಥೂ.

ಮೂರಾಗ್ತಾ ಬಂತು. ಮೈಕ್ ಹಾಕಿದ್ರು, ಕೇಳ್ತಿದೆಯಾ? ಹೋಗು. ಚಿಕ್ಕಮ್ಮನ ಹೆಸರು ಬಿಡಬೇಡ, ಮೊದಲು ಅವಳ ಹೆಸರು, ಆಮೇಲೆ ಪುಟದ ಹೆಸರು, ಆಮೇಲೆ ದಿನಾಂಕ. ಹಾಗೆ ಬರೀಬೇಕು. ಹಿಡಿಕೇನ ತೂತಿಗೆ ಸೇರಿಸಿ ಎಡಕ್ಕೆ ತಿರುಗಿಸು, ತೆಗೆಯುತ್ತೆ.

ಯಾಕೆ ನಿಂತೆ? ಹೋಗೇ, ಕರೀತಿದ್ದಾರೆ ನಿನ್ನನ್ನ.

ನನ್ನ ಕೈಗೆ ಯಾಕೆ ಕೊಡ್ತಿದ್ದೀಯ ಅದನ್ನ?

...ನಾನೇ ತೆಗೀಬೇಕಾ?