ಸೋಡಾಬುಡ್ಡಿಯ ರಕ್ತ

ಹಾಳುಬಾವಿ ದಾಟಿ ಮನೆಗೆ ಬರ್ತಿದ್ಲು ನಮ್ಮಕ್ಕ. ಅಕ್ಕ ಅಂದ್ರೆ ದೊಡ್ಡಪ್ಪನ ಮಗಳು. ಕತ್ತಲೆ... ಒಬ್ಬಳೇ. ತಡೀರಿ, ಮೊದಲು ಅವಳ ಲ್ಯಾಬಿನ ವಿಷಯ ಹೇಳ್ಬೇಕು.

ನಾನು ಕಾಲೇಜಿಗೆ ಕೈಮುಗಿದು ಬಂದೋನು, ತಲೆಗೆ ಹೋದಷ್ಟು ಹೇಳ್ತೀನಿ. ಮಲೇರಿಯಾ ಹುಳ ನಮ್ಮ ರಕ್ತಕಣದೊಳಗೆ ಬಾಡಿಗೆ ಕೊಡದೆ ಕೂತ್ಕೊಂಡು, ಗೋಡೇಲಿ ಕಿಂಡಿ ಕೊರೆದು, ಹೊರಗಿಂದ ಸಕ್ಕರೆ ಎಳ್ಕೊಂಡು ತಿನ್ನುತ್ತೆ. ಯಾವುದೋ ಮರದ ತೊಗಟೆ ರಸ ಹಾಕಿದ್ರೆ ಕಿಂಡಿ ಮುಚ್ಚಿ, ಹುಳ ಉಪವಾಸ ಸಾಯುತ್ತೆ. ಕಂಡುಹಿಡಿದಿದ್ದು ಅಕ್ಕ ಅಲ್ಲ. ಪಕ್ಕದ ಮೇಜಿನ ಸೋಡಾಬುಡ್ಡಿ ಕನ್ನಡಕದ ಹುಡುಗ. ಹುಳ ಸಾಕೋಕೆ ರಕ್ತ ಬೇಕಲ್ಲ, ಅದನ್ನೂ ಅವನೇ ಕೊಡ್ತಿದ್ದ. ಇವಳನ್ನ ಬಾಯ್ತುಂಬ "ಅಕ್ಕಾ" ಅಂತಿದ್ದ ಪಾಪ.

ಬೈಕ್ ಜಾರಿ ಹೋಗ್ಬಿಟ್ಟ. ಸಂಶೋಧನೆ ಅಚ್ಚಿಗೆ ಕಳಿಸೋವಾಗ ಲ್ಯಾಬಿನ ಸರ್ ಅವನ ಹೆಸರು ಹೊಡೆದು ಹಾಕಿದ್ರು. "ಸತ್ತೋನಿಗೆ ಯಾಕಮ್ಮ? ನಿನ್ನ ಹೆಸರೇ ಮೊದಲು ಹಾಕೋಣ." ನಮ್ಮಕ್ಕ ಆಗ್ಲಿ ಅಂತ ತಲೆಯಾಡಿಸಿದ್ಲು.

ಆ ರಾತ್ರಿ ಹುಳಕ್ಕೆ ಊಟ ಹಾಕಿ ಹೊರಟಿದ್ಲು. ಬೆಳಿಗ್ಗೆ ದುಡ್ಡು ಕೊಡೋ ದೊಡ್ಡೋರ ಮುಂದೆ ಪ್ರಯೋಗ. ಕೆಟ್ರೆ ಪಿಎಚ್‌ಡಿ ಗೋವಿಂದ. ಬಾವಿ ಹತ್ರ ಬಂದ್ಲು...

ಟಿಕ್. ಟಿಕ್.

ಗಾಜಿನ ಕೊಳವೆಗೆ ಉಗುರಿಂದ ತಟ್ಟಿದ ಸದ್ದು. ಗುಳ್ಳೆ ಹೋಗ್ಲಿ ಅಂತ ಸೋಡಾಬುಡ್ಡಿ ಹಾಗೇ ತಟ್ತಿದ್ದ.

"ಅಕ್ಕಾ... ನನ್ ಹೆಸರೆಲ್ಲಿ?"

ಇವಳು ತಿರುಗಲಿಲ್ಲ. "ಸರ್ ತೆಗೆದ್ರು ಕಣೋ..."

"ನೀನು?"

"ನಾನು... ಸುಮ್ನಿದ್ದೆ."

ಟಿಕ್.

"ಹಾಗಾದ್ರೆ ನನ್ ರಕ್ತ ಮುಟ್ಬೇಡ."

ಚಪ್ಪಲಿ ಅಲ್ಲೇ ಬಿಟ್ಟು ಎದ್ನೋ ಬಿದ್ನೋ ಅಂತ ಓಡಿಬಂದ್ಲು.

ಮುಟ್ಟದೆ ಹೇಗಿರ್ತಾಳೆ? ಹುಳ ಬೆಳೆದಿದ್ದೇ ಅವನು ಸಾಯೋ ಮುಂಚೆ ಕೊಟ್ಟಿಟ್ಟ ರಕ್ತದಲ್ಲಿ. ಬೆಳಿಗ್ಗೆ ತೊಗಟೆ ರಸ ಬೆರೆಸಿ ರಕ್ತವನ್ನ ಸಕ್ಕರೆ ನೀರಿಗೆ ಬಿಟ್ಲು. ಕಿಂಡಿ ಮುಚ್ಚಿದ್ರೆ ಕಣ ತಳ ಸೇರಿ ನೀರು ತಿಳಿಯಾಗ್ಬೇಕು. ತೆರೆದಿದ್ರೆ ಸಕ್ಕರೆ, ನೀರು ಎರಡೂ ನುಗ್ಗಿ ಕಣ ಒಡೆದು ನೀರು ಕೆಂಪಾಗುತ್ತೆ.

ಕೆಂಪು. ಇನ್ನೊಂದು ಕೊಳವೆ... ಅದೂ ಕೆಂಪು. ಒಂದ್ಸಲಾನೂ ಕೈಕೊಡದಿದ್ದ ರಸ!

ಆಗ ಸರ್ ಏನಂದ್ರು ಗೊತ್ತಾ? ದೊಡ್ಡೋರ ಕಡೆ ತಿರುಗಿ, "ಇದೆಲ್ಲ ಈ ಹುಡುಗೀದೇ ಕೆಲಸ ಸ್ವಾಮಿ. ನಾನು ನಂಬಿ ಕೆಟ್ಟೆ."

ಅಂಥವನ ಮಾತು ನಂಬ್ಕೊಂಡು ಇವಳು "ಅಕ್ಕಾ" ಅಂದೋನ ಕತ್ತು ಕುಯ್ದಿದ್ಲು.

ಗಂಟುಮೂಟೆ ಕಟ್ಟು ಅಂದ್ರಂತೆ. ಸಾಮಾನು ಹೊರೋಕೆ ನಾನೇ ಹೋದೆ. ಅಕ್ಕ ಫ್ರಿಜ್ ತೆಗೆದು, ಸೋಡಾಬುಡ್ಡಿ ಕೊಟ್ಟಿದ್ದ ರಕ್ತದ ಚೀಲ ನನ್ನ ಕೈಗಿಟ್ಲು. ಸುತ್ತ ಇದ್ದ ಬಾಟಲಿಗಳೆಲ್ಲ ಮುಟ್ಟಿದ್ರೆ ಬೆರಳು ಮರಗಟ್ಟೋ ಅಷ್ಟು ತಣ್ಣಗೆ. ಫ್ರಿಜ್ ಗುರ್ ಅಂತಾನೇ ಇತ್ತು.

ಆ ಚೀಲ ಮಾತ್ರ... ಬೆಚ್ಚಗಿತ್ತು.

ನಗಬೇಡ್ರೋ. ಈ ಕೈಯಲ್ಲೇ ಹಿಡಿದಿದ್ದೀನಿ.